ಎಳೆ, ಒತ್ತು, ಉರಿ, ಉಗುಳು

ಮೇ ೧೯, ಭಾನುವಾರ
ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ, ನಿನ್ನ ಹೊಟ್ಟೆಯಲ್ಲಿರುವುದೂ, ಅಳಿಯಂದಿರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈದುಕೊಳ್ಳಬೇಡ. ಶಾಲೆಯ ಸಮವಸ್ತ್ರಗಳ ಹೊಲಿಗೆ ಒಮ್ಮೆಲೇ ಮೈಮೇಲೆ ಬಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ನೀಲಿ ಬಟ್ಟೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು "ಹ್ಞೂಂ, ಸರಿಯಮ್ಮ, ಇಡ್ತೀನಿ" ಎನ್ನುತ್ತೀಯ, ಅಲ್ಲಿಗೆ ಮಾತು ಮುಗಿಯಿತು. ಕಾಗದವಾದರೆ ನಡುವೆ ಇಟ್ಟುಬಿಡಲು ಮನಸ್ಸು ಬರುವುದಿಲ್ಲ.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ನನಗೆ ಡ್ರೈವಿಂಗ್ ಲೈಸೆನ್ಸ್ ಬಂದಿದೆ. ನಗು ಬಂದರೆ ನಕ್ಕು ಮುಂದಕ್ಕೆ ಓದು.

ಕಾರಣ ಒಂದೇ. ನಿನ್ನ ಹೆರಿಗೆಯ ಹೊತ್ತಿಗೆ ನಾನು ಅಲ್ಲಿರಬೇಕು. ಬಸ್ಸಿಲ್ಲವೇ ಎಂದು ಕೇಳುತ್ತೀಯ. ಇದೆ, ಆದರೆ ಮಗು ಬಸ್ಸಿನ ಸಮಯ ನೋಡಿಕೊಂಡು ಹುಟ್ಟುವುದಿಲ್ಲ. ನೋವು ಶುರುವಾಯಿತು ಎಂದು ಕರೆ ಬಂದರೆ ನಾನು ಇದ್ದ ಸೀರೆಯಲ್ಲೇ ಎದ್ದು ಹೊರಡುವಂತಿರಬೇಕು. ಮನೆಯ ಮುಂದೆ ಗಾಡಿ ನಿಂತಿದೆ. ಓಡಿಸುವವರೂ ಮನೆಯಲ್ಲೇ ಇದ್ದಾರೆ. ಆದರೆ "ನನ್ನ ಗಾಡಿ ಆ ಊರಿನ ರಸ್ತೆ ಹತ್ತಲ್ಲ" ಎಂದು ನಿನ್ನ ಅಪ್ಪ ಅಂದು ಆಡಿದ ಮಾತು ಹಾಗೇ ಇದೆ.

ಆ ಜಗಳ ನಿನಗೆ ಗೊತ್ತಿರುವುದೇ. ಅವರ ಬಾಯಲ್ಲಿ ಅದು ಈಗ ಹೇಗೆ ಬರುತ್ತದೆ ಎನ್ನುವುದು ಮಾತ್ರ ಗೊತ್ತಿಲ್ಲ. ತಮ್ಮ ಡ್ರೈವಿಂಗ್ ಸ್ಕೂಲಿನಲ್ಲೇ ಕಲಿತು, ಅಲ್ಲೇ ಕಲಿಸುತ್ತಿದ್ದ ಹುಡುಗ ಈಗ ನೀವಿರುವ ಆ ಊರಿಗೆ ಹೋಗಿ ಸ್ವಂತ ಸ್ಕೂಲು ಹಾಕಿದ್ದನ್ನು ಅವರು ನುಂಗಿಕೊಂಡಿದ್ದಾರೆ. "ಡಬಲ್ ಬ್ರೇಕು ಚೆನ್ನಾಗೇ ನಡೆಸ್ತಾ ಇದ್ದಾನಂತೆ" ಎಂದು ಯಾರ ಹತ್ತಿರವೋ ಹೇಳುವುದನ್ನೂ ಕೇಳಿದೆ. ಹೌದು, ಅಳಿಯಂದಿರಿಗೆ ಇನ್ನೂ ಅದೇ ಹೆಸರು. ಕಲಿಯುವವರ ಪಕ್ಕ ಕೂತಾಗ ಕಾಲು ಸದಾ ತಮ್ಮ ಕಡೆಯ ಎರಡನೇ ಬ್ರೇಕಿನ ಮೇಲೇ ಇಟ್ಟಿರುತ್ತಿದ್ದರಲ್ಲ, ಆಗ ಇಟ್ಟ ಹೆಸರು. ಅವರಿಗೆ ನುಂಗಲಾಗದ್ದು ಬೇರೆ. "ಮಗಳು ಮದುವೆ ಆದ್ಮೇಲೆ ಬಂದು ಹೇಳಿದ್ಲಲ್ಲ. ಮೊದಲೇ ಕೇಳಿದ್ರೆ ನಾನೇನು ಬೇಡ ಅಂತಿದ್ನಾ?" ಎನ್ನುತ್ತಾರೆ.

"ಅಂತಿದ್ರಿ" ಎಂದೆ ನಾನು.

"ಅಂದ್ರೂ ಕೇಳಬೇಕಿತ್ತು" ಎಂದರು. ಅಂದು ನೀವಿಬ್ಬರೂ ಗೇಟಿನವರೆಗೆ ಬಂದಾಗ ನಾನು ಅಂಗಡಿಯಲ್ಲಿದ್ದೆ. ಅವರು ಗಾಡಿಯೊಳಗೆ ಕೂತು ಗಾಜು ಏರಿಸಿಕೊಂಡಿದ್ದನ್ನು ಎದುರುಮನೆಯವರು ಹೇಳಿದ ಮೇಲೆ ತಿಳಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುವುದು ಅವರಿಗೂ ಗೊತ್ತು, ಆದರೆ ಹೇಳುವುದಿಲ್ಲ.

ಇರಲಿ. ನನ್ನ ಕಲಿಕೆಯ ಕಥೆಗೆ ಬರುತ್ತೇನೆ. ಒಂದು ಬೆಳಿಗ್ಗೆ ಅವರ ಮುಂದೆ ನಿಂತು, "ನನಗೆ ಗಾಡಿ ಓಡಿಸೋದು ಕಲಿಸಿ" ಎಂದೆ. ಕೈಯಲ್ಲಿದ್ದ ಪೇಪರು ಕೆಳಗಿಳಿಯಲಿಲ್ಲ.

"ಎಲ್ಲಿಗೆ ಹೋಗ್ಬೇಕು ನಿನಗೆ?"

"ಬಟ್ಟೆ ತರೋಕೆ, ಗುಂಡಿ ತರೋಕೆ."

"ಗುಂಡಿ ತರೋಕೆ ಗಾಡಿ ಬೇಕೇನೇ?"

"ಚೀಲ ಭಾರ ಆಗುತ್ತೆ ರೀ. ವಯಸ್ಸಾಯ್ತಲ್ಲ."

"ಎಂಜಿನ್ ಗೊತ್ತಿಲ್ದೋರು ಸ್ಟೀರಿಂಗ್ ಮುಟ್ಟಬಾರದು. ನನ್ನ ಸ್ಕೂಲಿನ ಕಾನೂನು. ಹೆಂಡತಿಗೂ ಅದೇ."

ನಾನು ಓಡಿಹೋಗುತ್ತೇನೆ ಎಂದುಕೊಂಡರು. ಆ ಕಾನೂನಿಗೆ ಹೆದರಿ ಎಷ್ಟು ಜನ ಬೇರೆ ಸ್ಕೂಲಿಗೆ ಹೋಗಿಲ್ಲ! ಸ್ಕೂಲಿನ ಪಾಠದ ಕೋಣೆ ನಿನಗೆ ನೆನಪಿರಬೇಕು, ಅರ್ಧಕ್ಕೆ ಕೊಯ್ದು ಕೆಂಪು ನೀಲಿ ಬಣ್ಣ ಬಳಿದ ಹಳೆಯ ಎಂಜಿನ್ ಮೇಜಿನ ಮೇಲಿರುತ್ತಿತ್ತಲ್ಲ. ಅಲ್ಲೇ ಬೆಂಚಿನ ಮೇಲೆ ಕಲಿಯಲು ಬಂದಿದ್ದ ಒಬ್ಬ ನರ್ಸಮ್ಮನ ಪಕ್ಕದಲ್ಲಿ ಹೋಗಿ ಕೂತೆ. ನಿನ್ನ ಅಪ್ಪ ಒಳಗೆ ಬಂದು, ನನ್ನನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಹೇಳಿಮ್ಮಾ, ಪೆಟ್ರೋಲು ಗಾಡೀನ ಹೇಗೆ ಓಡಿಸುತ್ತೆ?" ಎಂದರು. ಮದುವೆಯಾದಂದಿನಿಂದ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನನಗೆ ಅದರಲ್ಲೇ ಅರ್ಧ ಬುದ್ಧಿ ಹಾರಿಹೋಯಿತು. ಪೈಪಿನಲ್ಲಿ ನೀರು ರಭಸವಾಗಿ ಹೋಗುವ ಹಾಗೆ ಪೆಟ್ರೋಲ್ ಹೋಗಿ ಚಕ್ರವನ್ನು ತಳ್ಳುತ್ತದೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಹಾಗೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನರ್ಸಮ್ಮ ತಲೆ ತಗ್ಗಿಸಿ ನಕ್ಕಳು. ಆಮೇಲೆ ಕೇಳಿದರೆ ಅವಳೂ ಹಾಗೇ ತಿಳಿದಿದ್ದಳಂತೆ.

ಪೆಟ್ರೋಲ್ ತಳ್ಳುವುದಿಲ್ಲ, ಉರಿಯುತ್ತದೆ. ಒಂದು ಗಟ್ಟಿ ಡಬ್ಬಿ, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಬಿರಡೆ. ಬಿರಡೆ ಕೆಳಗಿಳಿದಾಗ ಗಾಳಿಯೂ ಪೆಟ್ರೋಲೂ ಒಳಗೆ ಬರುತ್ತವೆ. ಮೇಲೇರಿದಾಗ ಎರಡೂ ಒತ್ತಿಕೊಳ್ಳುತ್ತವೆ. ಆಗ ಕಿಡಿ ಹೊತ್ತುತ್ತದೆ, ಬಿರಡೆ ಧಡ್ಡೆಂದು ಕೆಳಗೆ ಬರುತ್ತದೆ. ಮತ್ತೆ ಮೇಲೇರುವಾಗ ಹೊಗೆ ಹೊರಗೆ. ಎಳೆ, ಒತ್ತು, ಉರಿ, ಉಗುಳು. ಇದನ್ನು ಅವರು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಕಾಜಾ ಹೊಲಿಯುವಾಗಲೂ ನನ್ನ ಬಾಯಲ್ಲಿ ಅದೇ. ಗಿರಾಕಿಯೊಬ್ಬಳು "ಯಾರಿಗೆ ಉಗುಳ್ತಾ ಇದ್ದೀರಿ?" ಎಂದು ಕೇಳಿದಳು.

ಆದರೆ ಬಿರಡೆ ಮೇಲೆ ಕೆಳಗೆ ಆಡಿದರೆ ಚಕ್ರ ಗುಂಡಗೆ ಏಕೆ ತಿರುಗಬೇಕು ಎನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ಮಾರನೆಯ ದಿನ ಹೊಲಿಗೆಯ ಮೆಷಿನ್ನಿನ ಮುಂದೆ ಕೂತು ಕಾಲು ಆಡಿಸುತ್ತಿದ್ದಾಗ ಕೆಳಗೆ ನೋಡಿದೆ. ನನ್ನ ಕಾಲೂ ಮೇಲೆ ಕೆಳಗೆ ತಾನೇ ಆಡುತ್ತದೆ? ಕಾಲಿಡುವ ಮಣೆಯಿಂದ ಹೊರಟ ಕಡ್ಡಿ ದೊಡ್ಡ ಚಕ್ರದ ಮಗ್ಗುಲನ್ನು ಹಿಡಿದಿದೆ, ಚಕ್ರ ಗುಂಡಗೆ ತಿರುಗುತ್ತಿದೆ. ನಾನು ಕಾಲು ಒತ್ತದ ಗಳಿಗೆಯಲ್ಲೂ ಚಕ್ರ ತನ್ನ ಭಾರಕ್ಕೇ ತಿರುಗುತ್ತದೆ. ನಾಲ್ಕರಲ್ಲಿ ಉರಿಯುವುದು ಒಂದೇ ಸಲ, ಉಳಿದ ಮೂರನ್ನು ಚಕ್ರ ದಾಟಿಸುತ್ತದೆ. ಶುರುವಿನಲ್ಲಿ ನಾವು ಕೈಯಿಂದ ಒಮ್ಮೆ ಚಕ್ರ ದೂಡುತ್ತೇವಲ್ಲ, ಗಾಡಿಯಲ್ಲಿ ಕೀಲಿ ತಿರುಗಿಸಿದಾಗ ಒಳಗಿನ ಪುಟ್ಟ ಮೋಟಾರು ಮಾಡುವುದೂ ಅದನ್ನೇ. ಇಷ್ಟು ವರ್ಷ ಎಂಜಿನ್ನಿನ ಮೇಲೇ ಕಾಲಿಟ್ಟು ಕೂತಿದ್ದೆ ಮಾರಾಯ್ತಿ. ಸಂತೋಷಕ್ಕೆ ಒಂದು ಜೇಬನ್ನು ತಲೆಕೆಳಗಾಗಿ ಹೊಲಿದೆ.

ಅಪ್ಪನಿಗೆ ಹೇಳಿದರೆ, "ಹ್ಞೂಂ, ಹಂಗೇ ಅದು. ಅದಕ್ಕೇನೀಗ?" ಎಂದರು. ಆದರೆ ಅಂದಿನಿಂದ ಊಟದ ಹೊತ್ತಿಗೂ ಎಂಜಿನ್ ಮಾತು. ಎಷ್ಟೋ ತಿಂಗಳಿಂದ ನಮ್ಮಿಬ್ಬರ ನಡುವೆ "ಉಪ್ಪು", "ಸಾಕು" ಬಿಟ್ಟರೆ ಮಾತಿರಲಿಲ್ಲ. ಅದಕ್ಕಾದರೂ ನಾನು ಈ ವಿದ್ಯೆಗೆ ಋಣಿ.

ಮೆಷಿನ್ನಿನ ಬುದ್ಧಿಯೇ ಮುಂದೆ ನನ್ನನ್ನು ಹಳ್ಳಕ್ಕೂ ಕೆಡವಿತು. ನಮ್ಮ ಕಸುಬಿನಲ್ಲಿ ಪ್ರತಿ ಶನಿವಾರ ಮೆಷಿನ್ನಿಗೆ ಎಣ್ಣೆ ಬಿಡಲೇಬೇಕು. ಹೆಚ್ಚಾದರೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಹಾಕಿದರಾಯಿತು. ಎಂಜಿನ್ನಿಗೂ ಎಣ್ಣೆಯೇ ಜೀವ ಎಂದು ಅಪ್ಪ ಪಾಠದಲ್ಲಿ ಹೇಳಿದ್ದರು. ಸರಿ, ನಾನು ಶನಿವಾರ ಶನಿವಾರ ಮೆಷಿನ್ನಿಗೆ ಬಿಟ್ಟು, ಹಾಗೇ ಹೊರಗೆ ಬಂದು ಗಾಡಿಗೂ ಅವರ ಎಂಜಿನ್ ಎಣ್ಣೆಯ ಡಬ್ಬಿಯಿಂದ ಒಂದಿಷ್ಟು ಸುರಿಯುತ್ತಿದ್ದೆ. ಮನೆಯ ಹಸುವಿಗೆ ಮೇವು ಹಾಕಿದಷ್ಟು ತೃಪ್ತಿ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸ ಹೇಳಿಕೊಂಡು ಮಾಡಬಾರದಲ್ಲ.

ಒಂದು ದಿನ ಅಪ್ಪ ಗಾಡಿ ಶುರು ಮಾಡಿದರೆ ಬೀದಿಯೆಲ್ಲ ನೀಲಿ ಹೊಗೆ. ಅವರ ಮುಖ ಬಿದ್ದುಹೋಯಿತು. "ಎಂಜಿನ್ ಹೋಯ್ತು ಕಣೇ. ಒಳಗಡೆ ಎಲ್ಲಾ ಸವೆದಿದೆ. ಮುಗೀತು ಇದರ ಕಥೆ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಾಡಿ ಹೋದರೆ ನಾನು ನಿನ್ನ ಹತ್ತಿರ ಬರುವುದು ಹೇಗೆ? ಕೊನೆಗೆ ಅವರು ಎದ್ದು, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಅದರಲ್ಲಿ ಎರಡು ಗೆರೆ ಇರುತ್ತವೆ, ಎಣ್ಣೆ ಅವೆರಡರ ನಡುವೆ ಇರಬೇಕು. ಇಲ್ಲಿ ಮೇಲಿನ ಗೆರೆ ದಾಟಿ ಎಲ್ಲೋ ಹೋಗಿತ್ತು.

"ಯಾರು ಹಾಕಿದ್ದು?"

"ನಾನೇ. ಶನಿವಾರ ಶನಿವಾರ."

"ಯಾಕೇ?"

"ಮೆಷಿನ್ನಿಗೆ ಹಾಕ್ತೀನಲ್ಲ ರೀ."

ಅವರು ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೀನು ಹೋದ ಮೇಲೆ ಈ ಮನೆಯಲ್ಲಿ ಆ ನಗು ಕೇಳಿರಲಿಲ್ಲ. "ಅತಿಯಾದ್ರೆ ಅಮೃತಾನೂ ವಿಷ ಅಂತಾರೆ. ನೀನು ಗಾಡಿಗೆ ಅಮೃತ ಕುಡಿಸಿ ಕುಡಿಸಿ ಸಾಯಿಸ್ತಿದ್ದೆ" ಎಂದರು. ನಗು ನಿಂತ ಮೇಲೆ, ಅಡಿಯ ಬೋಲ್ಟು ಬಿಚ್ಚಿ ಎಣ್ಣೆ ಇಳಿಸುತ್ತಾ ಗಾಡಿಯ ಕೆಳಗಿನಿಂದಲೇ, "ಗುಬ್ಬಿ ಇದ್ದಿದ್ರೆ ಇದನ್ನ ವರ್ಷವಿಡೀ ಆಡಿಕೊಂಡು ನಗ್ತಿದ್ಲು" ಎಂದರು. ನಾನು ಏನೂ ಕೇಳಿಸದವಳಂತೆ ಬಾಂಡಲಿ ಹಿಡಿದಿದ್ದೆ.

ಆಮೇಲೆ ಮೈದಾನದಲ್ಲಿ ಓಡಿಸುವ ಪಾಠ. ಅದನ್ನು ಹೆಚ್ಚು ಬರೆಯುವುದಿಲ್ಲ, ನನ್ನ ಮರ್ಯಾದೆ ಇರಲಿ. ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಜಿಗಿದು ನಿಂತುಬಿಡುತ್ತಿತ್ತು. ನೆಲವೇ ಉಬ್ಬುತಗ್ಗು ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅವರು ಬಾಗಿಲು ತೆಗೆದು ಇಳಿದು ನಡೆದೇ ಹೋದರು. ಮಾರನೆಯ ದಿನ ಅವರೇ ಕೀಲಿ ತಂದು ಮುಂದಿಟ್ಟರು. ಗಾಡಿ ಹಳೆಯದು, ದೂರ ಹೋದರೆ ಬಿಸಿಯಾಗುತ್ತದೆ. ಅದಕ್ಕೆ ಏನು ಮಾಡಬೇಕೆಂದು ಮತ್ತೆ ಮತ್ತೆ ಹೇಳಿಕೊಟ್ಟರು. ಪಕ್ಕಕ್ಕೆ ನಿಲ್ಲಿಸಬೇಕು, ಮುಂದಿನ ನೀರಿನ ತೊಟ್ಟಿಯ ಮುಚ್ಚಳವನ್ನು ಬಿಸಿಯಿದ್ದಾಗ ತೆಗೆಯಬಾರದು, ತಣಿಯುವವರೆಗೆ ಕಾಯಬೇಕು, ಆಮೇಲೆ ನಿಧಾನವಾಗಿ ನೀರು ಹಾಕಬೇಕು. ಗಾಡಿಯ ವಿಷಯದಲ್ಲಿ ಇಷ್ಟು ತಾಳ್ಮೆ ಇರುವ ಮನುಷ್ಯ, ಮಗಳ ವಿಷಯದಲ್ಲಿ ಇಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು.

ಲೈಸೆನ್ಸ್ ಬಂದ ಮೇಲೆ ಗುರುವಾರ ಮೊದಲ ಸಲ ಒಬ್ಬಳೇ ಹೆದ್ದಾರಿಗೆ ಹೋದೆ. ಬೆಳಿಗ್ಗೆ ನೋಡಿದರೆ ಡಿಕ್ಕಿಯಲ್ಲಿ ನೀರಿನ ಕ್ಯಾನು, ಹೊಸ ಫ್ಯಾನ್ ಬೆಲ್ಟು, ಒರೆಸುವ ಬಟ್ಟೆ ಎಲ್ಲ ಇಟ್ಟಿದ್ದರು.

"ದೂರ ಹೋದ್ರೆ ಮಧ್ಯದಲ್ಲಿ ನಿಲ್ಲಿಸಿ ಒಂದ್ಸಲ ನೀರು ನೋಡು" ಎಂದರು.

"ಗುಂಡಿ ಅಂಗಡಿ ಹತ್ತಿರಾನೇ ಅಲ್ವಾ?"

"ಅದಕ್ಕೇ ಹೇಳಿದ್ದು" ಎಂದು ಒಳಗೆ ಹೋದರು.

ಗಾಡಿ ಎಲ್ಲೂ ಬಿಸಿಯಾಗಲಿಲ್ಲ. ಲಾರಿಗಳು ಪಕ್ಕದಲ್ಲಿ ಹೋಗುವಾಗ ಕೈ ಬೆವರುತ್ತದೆ, ಅಷ್ಟೇ. ಹಾಗಾಗಿ ನನ್ನ ಕಡೆಯಿಂದ ಎಲ್ಲ ತಯಾರು. ನಿನಗೆ ಯಾವ ಹೊತ್ತಿನಲ್ಲಿ ಬೇಕೆನಿಸಿದರೂ ಒಂದು ಮಾತು ಹೇಳು, ಹೊರಟುಬಿಡುತ್ತೇನೆ.

ಚೆನ್ನಾಗಿ ಊಟ ಮಾಡು. ಭಾರ ಎತ್ತಬೇಡ. ಎಡಕ್ಕೆ ತಿರುಗಿ ಮಲಗು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀನೂ ಮಗುವೂ ಬೇರೆ ಬೇರೆಯಾಗುವ ಹೊತ್ತು ಸುಸೂತ್ರವಾಗಿ ಕಳೆಯಲಿ, ಇಬ್ಬರೂ ನೂರು ಕಾಲ ಬಾಳಿ.

ನಿನ್ನ
ಅಮ್ಮ

ತಾ. ಕ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಗುರುವಾರ ನಾನು ಹೋದದ್ದು ನಿನ್ನ ಮನೆಗೇ. ವಿಳಾಸ ಹಿಡಿದು ಕೇಳಿಕೊಂಡು ಬಂದೆ. ನಿಮ್ಮ ಮನೆಯ ಎದುರು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ನೀನು ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದೆ. ಒಂದು ಕೈ ಸೊಂಟದ ಮೇಲಿತ್ತು. ಹೊಟ್ಟೆ ಕೆಳಗೆ ಇಳಿದಿದೆ, ಇನ್ನು ತಡವಿಲ್ಲ. ನೀನು ಗಾಡಿಯನ್ನು ನೋಡಿದೆ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆ ಇದ್ದವು, ಹಾಗೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಇಳಿದು ಬಂದು ತಟ್ಟಬಹುದಿತ್ತು. ಏಕೋ ಆಗಲಿಲ್ಲ. ಸ್ವಲ್ಪ ಹೊತ್ತು ಕಾದು ತಿರುಗಿಸಿಕೊಂಡು ಬಂದೆ. ಮಗುವಿಗೆಂದು ಹೊಲಿದ ಅಂಗಿಗಳು ಹಿಂದಿನ ಸೀಟಿನ ಮೇಲೇ ಇವೆ.

ಮನೆ ಮುಟ್ಟಿದಾಗ ಅಪ್ಪ ಗೇಟಿನಲ್ಲೇ ನಿಂತಿದ್ದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು, ಕಡ್ಡಿ ಎಳೆದು ಎಣ್ಣೆ ನೋಡಿದರು. ಆಮೇಲೆ ನನ್ನ ಮುಖ ನೋಡದೆ, "ಇದ್ಲಾ?" ಎಂದರು. ಬೀಗ ಹಾಕಿತ್ತು ಎಂದೆ. "ಆಸ್ಪತ್ರೆಗೆ ತೋರಿಸೋಕೆ ಹೋಗಿರ್ತಾಳೆ. ಇನ್ನೊಂದ್ಸಲ ಅವಳಿಗೆ ಹೇಳಿ ಹೋಗು" ಎಂದರು.

ಮೇಲಿನಿಂದ ನೋಡಿದರೆ ಗಾಡಿ ಕಾಣುತ್ತದೆ, ಒಳಗೆ ಕೂತವರು ಕಾಣುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ. ಅಪ್ಪ ಬಂದಿದ್ದಾರೆಂದು ಒಳಗೆ ಹೋದೆಯಾ ಗುಬ್ಬಿ, ಇಲ್ಲ ನಾನೆಂದು ಗೊತ್ತಾಗಿಯೇ ಹೋದೆಯಾ? ಬೇರೇನೂ ಬರೆಯದಿದ್ದರೂ ಇದೊಂದನ್ನು ಬರೆ.