ಕಾಯುತ್ತೇವೆ ಎಂದವರ ಸರಕು ತಳದಲ್ಲಿ

ಮಾನ್ಯ ಬಂದರು ಮುಖ್ಯಾಧಿಕಾರಿಗಳೇ,

ನೀವು ಕೊಟ್ಟ ಮಾತಿಗೆ ತಪ್ಪಿದ್ದೀರಿ. ಅದನ್ನು ನಿಮ್ಮ ಮುಖಕ್ಕೇ ಹೇಳೋಣವೆಂದು ಬಂದರೆ ಕಚೇರಿಯ ಬಾಗಿಲಲ್ಲೇ ಸಾಗಹಾಕಿದರು. ಆದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೃತಕ ಕಾಲು ಮಾಡುವವಳು. ಕನ್ನಡಕದ ಗಾಜು ಉಜ್ಜುವವರು, ಕಿವಿಯ ಯಂತ್ರ ಮಾರುವವರು, ನಾನು, ಹೀಗೆ ಸಣ್ಣ ಕಸುಬಿನವರೆಲ್ಲ ಸೇರಿ ಒಂದೇ ಕಂಟೇನರಿನಲ್ಲಿ ಸರಕು ತರಿಸುವುದು ನಮ್ಮ ರೂಢಿ. ಕಡಲ ದಾರಿ ಕೆಟ್ಟು, ಹಡಗುಗಳೆಲ್ಲ ಸುತ್ತುಬಳಸಿ ಒಟ್ಟಿಗೇ ಬಂದು, ಬಂದರು ತುಂಬಿಹೋದಾಗ ನೀವು ಸಭೆ ಕರೆದಿರಿ. "ಆಸ್ಪತ್ರೆಗಳ ಔಷಧಿ ಮೊದಲು ಹೊರಡಬೇಕು. ಯಾರ ಸರಕು ಸ್ವಲ್ಪ ದಿನ ಕಾಯಬಹುದೋ ಅವರು ಕೈ ಎತ್ತಿ. ಔಷಧಿ ಹೋದ ತಕ್ಷಣ ನಿಮ್ಮದೇ ಸರದಿ, ಇದು ನನ್ನ ಮಾತು" ಎಂದಿರಿ. ನಮ್ಮ ಅಂಗಡಿಗಳಲ್ಲಿ ಆಗ ಒಂದಿಷ್ಟು ದಾಸ್ತಾನಿತ್ತು. ನಾವು ಮುಖ ಮುಖ ನೋಡಿಕೊಂಡು ಕೈ ಎತ್ತಿದೆವು. ತೋಟದ ಕುರ್ಚಿ ತರಿಸುವ ವ್ಯಾಪಾರಿ ಮಾತ್ರ ಚಾವಣಿ ನೋಡುತ್ತ ಕೂತಿದ್ದ. ನೀವು ನಮಗೆ ಚಪ್ಪಾಳೆ ತಟ್ಟಿಸಿದಿರಿ.

ಔಷಧಿ ಹೊರಟಿತು, ಸಂತೋಷ. ಅದರ ಹಿಂದೆ ಹೊರಟದ್ದೇನು ಗೊತ್ತೇ? ತೋಟದ ಕುರ್ಚಿ! ಆಮೇಲೆ ಗೋಡೆ ಗಡಿಯಾರ, ಆಮೇಲೆ ಮೀನಿನ ತೊಟ್ಟಿಗೆ ಹಾಕುವ ಬಣ್ಣದ ಕಲ್ಲು. ಎಲ್ಲವೂ ತುರ್ತಂತೆ. ಕೇಳಿದರೆ ನಿಮ್ಮ ಗುಮಾಸ್ತರು, "ಕಾಯ್ತೀವಿ ಅಂತ ನೀವೇ ಹೇಳಿದ್ರಲ್ಲಮ್ಮ" ಎನ್ನುತ್ತಾರೆ. ಲಾರಿ ಓಡಿಸುವ ನನ್ನ ಅಣ್ಣ ಒಳಗೆ ಹೋಗಿ ನೋಡಿ ಬಂದ. "ನಮ್ಮ ಕಂಟೇನರ್ ಎಲ್ಲಕ್ಕಿಂತ ತಳದಲ್ಲಿದೆ ಕಣೇ. ಕಾಯೋರದ್ದು ಅಂತ ಕೆಳಗಿಟ್ಟು, ಆಮೇಲೆ ಬಂದೋರದ್ದನ್ನೆಲ್ಲ ಮೇಲೆ ಹೇರಿದಾರೆ. ಈಗ ಕ್ರೇನು ಮೇಲಿಂದೆಲ್ಲ ಇಳಿಸಬೇಕು. ಯಾರಿಗೆ ಬೇಕು ಆ ಉಸಾಬರಿ?" ಎಂದ.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಅದು ಗಾದೆ ಎಂದುಕೊಂಡಿದ್ದೆ, ನಿಮ್ಮ ಕಚೇರಿಯ ನಿಯಮಾವಳಿ ಎಂದು ತಿಳಿದಿರಲಿಲ್ಲ. ಹಡಗು ತಡವಾದದ್ದಕ್ಕೆ ನಿಮ್ಮನ್ನು ದೂರುವಷ್ಟು ದಡ್ಡಿ ನಾನಲ್ಲ. ಆದರೆ ತಾವಾಗಿ ಹಿಂದೆ ಸರಿದವರನ್ನು ಹಿಂದೆಯೇ ಬಿಟ್ಟುಬಿಡುವುದು ಯಾವ ಸೀಮೆಯ ನಿರ್ವಹಣೆ? ಮುಂದಿನ ಸಲ ಎಲ್ಲರೂ ತಮ್ಮದೇ ತುರ್ತು ಎಂದು ಕೂತರೆ ಔಷಧಿಗೆ ದಾರಿ ಬಿಡುವವರು ಯಾರು?

"ಬೇರೆ ಕಡೆಯಿಂದ ತರಿಸಿಕೊಳ್ಳಿ" ಎಂಬ ಉಪದೇಶವೂ ನಿಮ್ಮಿಂದ ಬಂತು. ತರಿಸಿದೆ, ಅದರ ಫಲವನ್ನೂ ಕೇಳಿ. ನನ್ನ ಅಣ್ಣನ ಮಗಳಿಗೆ ಮೊಣಕಾಲಿನಿಂದ ಕೆಳಗೆ ಒಂದು ಕಾಲಿಲ್ಲ. ಆದರೂ ಒಂದು ಕಡೆ ಕೂರದವಳಾದ್ದರಿಂದ ಅವಳನ್ನು ಬುಗುರಿ ಎನ್ನುತ್ತೇವೆ. ಕೃತಕ ಕಾಲು ಉಜ್ಜದಂತೆ ಒಳಗೆ ಮೆತ್ತನೆಯ ಸಿಲಿಕೋನ್ ಚೀಲ ತೊಡಬೇಕು. ಬೆಳೆಯುವ ಮಕ್ಕಳಿಗೆ ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಹಳೆಯದು ಚಿಕ್ಕದಾಯಿತು. ಬೇರೆ ಕಡೆಯಿಂದ ಬಂದದ್ದು ಒರಟು ಮಾಲು. ಅದನ್ನು ತೊಟ್ಟು ನಡೆದವಳಿಗೆ ಚರ್ಮ ಬೊಬ್ಬೆಯೆದ್ದು ಒಡೆಯಿತು. ಈಗ ಕಾಲು ಗೋಡೆಗೊರಗಿದೆ, ಬುಗುರಿ ಹಾಸಿಗೆಯ ಮೇಲಿದ್ದಾಳೆ. ಮೊನ್ನೆ ನನ್ನ ಕೈ ಹಿಡಿದು, "ಅತ್ತೆ, ಊಟ ಕಮ್ಮಿ ಮಾಡಿದ್ರೆ ಬೆಳೆಯೋದು ನಿಲ್ಲುತ್ತಾ? ಆಗ ಹಳೇದೇ ಆಗುತ್ತಲ್ಲ" ಎಂದು ಕೇಳಿದಳು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಬಿಟ್ಟಿದ್ದಳು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ, ಅಳು ತಡೆಯಲಾಗಲಿಲ್ಲ. ಆಗ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೇಲಿನ ಕಂಟೇನರುಗಳನ್ನು ಇಳಿಸಿ ನಮ್ಮದನ್ನು ಈ ವಾರವೇ ಹೊರಗೆ ಕಳಿಸಿ. ಸಮಜಾಯಿಷಿ ಬೇಡ, ಇನ್ನೊಂದು ಸಭೆಯಂತೂ ಬೇಡವೇ ಬೇಡ. ನಮ್ಮ ಕಂಟೇನರಿನೊಳಗೆ ಬುಗುರಿಯ ಅಳತೆಗೆಂದೇ ತರಿಸಿದ ಚೀಲವಿದೆ. ನಿನ್ನೆ ಮತ್ತೆ ಅಳತೆ ತೆಗೆದು ನೋಡಿದೆ. ಬಿಗಿಯಾದರೂ ಇನ್ನೂ ಹಿಡಿಸುತ್ತದೆ. ತಡವಾದರೆ ಅದೂ ಆಗುವುದಿಲ್ಲ. ಹೊಟ್ಟೆ ತುಂಬ ಉಣ್ಣು ಎಂದು ಅವಳಿಗೆ ಹೇಳಿದ್ದೇನೆ, ಅವಳು ಉಣ್ಣುತ್ತಿದ್ದಾಳೆ. ಬೇಗ ಮಾಡಿ.

ಇಂತಿ,
ನಿಮ್ಮ ಮಾತು ನಂಬಿ ದಾರಿ ಬಿಟ್ಟುಕೊಟ್ಟ,
ಕಾಲು ಮಾಡುವವಳು