ಕುದುರೆಗೆ ನೀರು

ವಿಜಯನಗರ, ಮೈಸೂರು
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಶಿವು,

ಅತ್ತೆಯ ಮುಂದೆ ‘ರೀ’, ‘ನೀವು’ ಅನ್ನುವ ಬಾಯಿ ನನ್ನದು. ಕಾಗದದಲ್ಲಿ ಅದು ಬೇಡ. ಮಾನಸಗಂಗೋತ್ರಿಯ ಕ್ಯಾಂಟೀನಿನಲ್ಲಿ ಕರೆಯುತ್ತಿದ್ದ ಹಾಗೆ ನೀನು ಅಂತಲೇ ಬರೆಯುತ್ತೇನೆ. ಜಗಳವಾಡುವುದಕ್ಕೂ ಅದೇ ಸಲೀಸು.

ಪುಟ್ಟಿ ಕ್ಷೇಮ. ಮೊನ್ನೆಗೆ ಐದು ತಿಂಗಳು ತುಂಬಿತು, ಬೋರಲು ಬೀಳುತ್ತಾಳೆ, ತಿರುಗಿ ಅಂಗಾತ ಆಗುವುದು ಗೊತ್ತಿಲ್ಲದೆ ಅಳುತ್ತಾಳೆ. ಅತ್ತೆ ಕ್ಷೇಮ. ನನ್ನದನ್ನು ಆಮೇಲೆ ಬರೆಯುತ್ತೇನೆ.

ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಬರೆದರೆ ನೀನು ಹೆಬ್ಬೆಟ್ಟು ಒತ್ತಿ ಕಳಿಸುತ್ತೀಯ. ಇಂಜಿನಿಯರಿಂಗ್ ಓದಿದವನು ಹೆಂಡತಿಗೆ ಮಾತ್ರ ಹೆಬ್ಬೆಟ್ಟು. ಅದಕ್ಕೇ ಕಾಗದ. ಇದಕ್ಕೆ ಹೆಬ್ಬೆಟ್ಟು ಒತ್ತಬೇಕಾದರೆ ಶಾಯಿ ಬೇಕಾಗುತ್ತದೆ.

ಭಾನುವಾರ ಫೋನಿನಲ್ಲಿ ನಾನು ಕೇಳಿದ್ದು ಒಂದೇ ಮಾತು: ಹತ್ತು ದಿನ ರಜೆ ಹಾಕಿ ಬನ್ನಿ. ನೀನು ನಕ್ಕೆ. ‘ಆ ಗೇಮು ಅರವತ್ತೊಂದು ಗಂಟೆ ಆಡಿದ್ದೀಯ ಕಣೇ, ಅಕೌಂಟ್ ನಂದೇ ಅಲ್ವಾ, ನನ್ನ ಮೊಬೈಲಲ್ಲಿ ಎಲ್ಲಾ ತೋರಿಸುತ್ತೆ. ಮಗು ನೋಡ್ಕೊಳ್ಳೋರಿಗೆ ಇಷ್ಟು ಟೈಮ್ ಸಿಗೋದಾದ್ರೆ, ನೀನು ರಾಯಚೂರಿಗೆ ಸೈಟಿನ ಕೆಲಸಕ್ಕೆ ಬಾ, ನಾನು ಮನೇಲಿರ್ತೀನಿ’ ಅಂದೆ. ನಿನ್ನ ದನಿ ಪುಟ್ಟಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಕುಕ್ಕರ್ ಕೂಗ್ತಿದೆ ಅಂತ ಹೇಳಿ ಫೋನ್ ಇಟ್ಟೆ. ಕುಕ್ಕರ್ ಕೂಗಿರಲಿಲ್ಲ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಅರವತ್ತೊಂದು ಗಂಟೆ ನಿಜ. ಅದು ಹೇಗಾಯಿತು ಅಂತ ಕೇಳು.

ಪುಟ್ಟಿ ತೊಟ್ಟಿಲು ಆಡುತ್ತಿದ್ದರೆ ಮಾತ್ರ ಮಲಗುವುದು. ನಿಂತರೆ ಎದ್ದಳು. ಎರಡನೇ ತಿಂಗಳಿಗೆ ನನ್ನ ತೋಳು ಬಿದ್ದುಹೋಯಿತು. ಆಗ ಅತ್ತೆ ತಮ್ಮ ಹಳೇ ಸೀರೆಯ ಅಂಚು ಹರಿದು, ಒಂದು ತುದಿ ತೊಟ್ಟಿಲಿಗೆ, ಇನ್ನೊಂದು ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿದರು. ‘ಶಿವೂನ ಸಾಕಿದ್ದೇ ಹಿಂಗೆ ಕಣಮ್ಮ. ಕಾಲಲ್ಲಿ ತೊಟ್ಲು, ಕೈಲಿ ಕೆಲ್ಸ. ನಾನು ಅಕ್ಕಿ ಆರಿಸ್ತಿದ್ದೆ, ನೀನು ಏನಾರ ಮಾಡ್ಕೊ’ ಅಂದರು. ಅಕ್ಕಿ ಈಗ ಆರಿಸಿಯೇ ಬರುತ್ತದೆ. ಪುಸ್ತಕ ಹಿಡಿದರೆ ಅಕ್ಷರ ಓಡುತ್ತಿದ್ದವು. ಮೊಬೈಲ್ ಹಿಡಿದರೆ, ಮಲಗಿದಲ್ಲೇ ಉಸಿರು ನಿಂತ ಶಿಶುಗಳ ಬಗ್ಗೆ ಓದಿ ಓದಿ ನನ್ನ ಉಸಿರೇ ನಿಲ್ಲುತ್ತಿತ್ತು. ಟಿವಿಯ ಕೆಳಗೆ ನಿನ್ನ ಗೇಮಿನ ಕಂಟ್ರೋಲರ್ ಧೂಳು ಹಿಡಿದು ಕೂತಿತ್ತು. ಹತ್ತು ನಿಮಿಷ ಅಂತ ತೆಗೆದುಕೊಂಡೆ.

ನೀನು ಶುರುಮಾಡಿ ಬಿಟ್ಟಿದ್ದ ಆಟವೇ. ಏಳುನೂರು ವರ್ಷದ ಹಿಂದಿನ ರೇಷ್ಮೆ ದಾರಿ, ವ್ಯಾಪಾರದ ತಂಡಗಳಿಗೆ ಕಾವಲು ಹೋಗುವ ಒಬ್ಬಳು ಹೆಣ್ಣು, ಅವಳ ಕಂದು ಕುದುರೆ. ಮೊದಲ ದಿನ ನಾನು ಯಾರ ಜೊತೆಗೂ ಹೊಡೆದಾಡಲಿಲ್ಲ. ಒಂದು ಗುಡ್ಡ ಹತ್ತಿ ನಿಂತೆ. ಕೆಳಗೆ ಹೊಳೆ, ಆಚೆ ಹಿಮದ ಬೆಟ್ಟ, ಎಲ್ಲಿ ಬೇಕಾದರೂ ಹೋಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಹೆರಿಗೆಯಾದ ಮೇಲೆ ನಾನು ಗೇಟಿನ ಆಚೆ ಹೋದದ್ದು ಲಸಿಕೆಗೆ ಮಾತ್ರ, ಶಿವು. ಸ್ವಲ್ಪ ಹೊತ್ತು ಸುಮ್ಮನೆ ಅಳುತ್ತಾ ಕೂತೆ. ಕಾಲು ತೊಟ್ಟಿಲು ತೂಗುತ್ತಲೇ ಇತ್ತು.

ಆಮೇಲೆ ಅದೂ ಮನೆಯ ಹಾಗೇ ಆಯಿತು. ಊರೊಳಗೆ ಹೋದರೆ ಎಲ್ಲರಿಗೂ ನನ್ನಿಂದ ಏನಾದರೂ ಆಗಬೇಕು. ಮುದುಕನಿಗೆ ಬೇರು ತಂದುಕೊಡು, ಕಮ್ಮಾರನ ಕತ್ತೆ ಹುಡುಕು, ಇನ್ನಾರದೋ ಗಂಡನಿಗೆ ಸುದ್ದಿ ಮುಟ್ಟಿಸು. ನಕ್ಷೆ ತೆಗೆದರೆ ಸಾಸಿವೆ ಚೆಲ್ಲಿದ ಹಾಗೆ ಹಳದಿ ಚುಕ್ಕೆ, ಒಂದು ಮುಗಿಸಿದರೆ ನಾಲ್ಕು ಹುಟ್ಟುತ್ತವೆ. ಒಣಗಿದ ಲಂಗೋಟಿ ಮಡಿಸುವಷ್ಟರಲ್ಲಿ ಒದ್ದೆಯವು ಗುಡ್ಡೆಯಾಗುತ್ತವಲ್ಲ, ಹಾಗೆ. ಕಥೆ ಮುಂದುವರಿಯುವ ಘಟ್ಟದಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿಂದ. ಪುಟ್ಟಿ ಸರಿಯಾಗಿ ಆ ಘಟ್ಟದಲ್ಲೇ ಏಳುತ್ತಾಳೆ. ಸುಲ್ತಾನನ ಮಂತ್ರಿ ಯಾಕೆ ದ್ರೋಹ ಮಾಡಿದ ಅನ್ನುವುದನ್ನು ಆರು ಸಲ ಅರ್ಧರ್ಧ ಕೇಳಿದ್ದೇನೆ, ಇವತ್ತಿಗೂ ಗೊತ್ತಿಲ್ಲ. ಬೇಡ ಅಂತ ಕಂಟ್ರೋಲರನ್ನು ಬೀರುವಿನ ಮೇಲಿಟ್ಟು ಬಂದದ್ದೂ ಉಂಟು. ಮಾರನೇ ಬೆಳಿಗ್ಗೆ ಸ್ಟೂಲು ಹಾಕಿಕೊಂಡು ತೆಗೆದೆ.

ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಇನ್ನೊಂದು ಸಂಕಟ. ಒಂದು ಮನೆಯ ಸೂರಿಗೆ ಒಣಮೆಣಸಿನಕಾಯಿ ನೇತುಹಾಕಿದ್ದರು. ಆ ಕಾಲಕ್ಕೆ ಆ ಸೀಮೆಗೆ ಅಮೆರಿಕದ ಮೆಣಸಿನಕಾಯಿ ಎಲ್ಲಿಂದ ಬರಬೇಕು ಅಂತ ನಾನು ಟಿವಿಯ ಮೇಲೆ ರೇಗುತ್ತಿದ್ದರೆ ಅತ್ತೆ ಬಾಗಿಲಲ್ಲಿ ನಿಂತು, ‘ಒಣಗಾಕವ್ರೆ ಬುಡು, ಪಾಪ’ ಅಂದರು.

ಅಂದಿನಿಂದ ಅವರೂ ಕೂರತೊಡಗಿದರು. ನಿನಗೆ ಇದು ಗೊತ್ತಿಲ್ಲ. ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಹತ್ತೂವರೆಗೆ ಬಂದು ಗೋಡೆಗೆ ಒರಗುವರು. ಮೊದಲ ದಿನವೇ, ‘ಆ ಕುದ್ರೆ ಬೆಳಗ್ಗಿಂದ ಓಡ್ತಾ ಅದೆ, ನೀರು ಕುಡಿಸಲ್ವೇನಮ್ಮ?’ ಅಂತ ಕೇಳಿದರು. ಆ ಆಟದ ಕುದುರೆಗೆ ಬಾಯಾರಿಕೆಯೇ ಇಲ್ಲ, ಕುಡಿಸಿದರೂ ಒಂದೇ, ಬಿಟ್ಟರೂ ಒಂದೇ. ಅತ್ತೆ ಒಪ್ಪಲಿಲ್ಲ. ಹೊಳೆ ಕಂಡಲ್ಲೆಲ್ಲ ಇಳಿದು, ಕುದುರೆಯ ಬಾಯಿ ನೀರಿಗೆ ತಾಗಿಸಿ, ಅವರು ‘ಸಾಕು’ ಅನ್ನುವ ತನಕ ನಿಲ್ಲಬೇಕು.

ಕೋಟೆಯೊಂದರಲ್ಲಿ ಹದಿನಾಲ್ಕು ಜನ ಪಹರೆಯವರನ್ನು ಕತ್ತರಿಸಿದೆ. ಮೊಟ್ಟೆ ಒಡೆಯದ ಮನೆಯಲ್ಲಿ ಕೂತು, ಬೆಳಿಗ್ಗೆ ಹನ್ನೊಂದು ಗಂಟೆಗೆ. ಅತ್ತೆ ನೋಡಿ ನೋಡಿ, ‘ಎಲ್ರೂ ಸಾಯ್ಲೇಬೇಕಾ? ಹೆದರಿಸಿ ಕಳ್ಸೋಕಾಗಲ್ವಾ?’ ಅಂದರು. ಆಗಲ್ಲ ಅತ್ತೆ ಅಂದೆ. ‘ಸೋಮವಾರ ಮಾತ್ರ ಬೇಡ ಕಣಮ್ಮ. ಬೇರೆ ದಿನ ಏನಾರ ಮಾಡ್ಕೊ.’ ಆಮೇಲೆ ಸೋಮವಾರಗಳಲ್ಲಿ ನಾನು ಯಾರನ್ನೂ ಕೊಂದಿಲ್ಲ. ಹುಲ್ಲಿನಲ್ಲಿ ತೆವಳಿ, ಗೋಡೆ ಹತ್ತಿ, ಯಾರ ಕಣ್ಣಿಗೂ ಬೀಳದೆ ದಾಟುವುದು. ಇಪ್ಪತ್ತು ನಿಮಿಷದ ಕೋಟೆಗೆ ಎರಡೂವರೆ ಗಂಟೆ. ನಿನ್ನ ಅರವತ್ತೊಂದರಲ್ಲಿ ಎಷ್ಟು ಸೋಮವಾರ, ಎಷ್ಟು ಹೊಳೆ ಸೇರಿವೆ ಅಂತ ನಿನ್ನ ಮೊಬೈಲ್ ತೋರಿಸುವುದಿಲ್ಲ. ಅತ್ತೆಗೆ ಗೊತ್ತು. ಗೊತ್ತಿದ್ದೂ ಭಾನುವಾರ ಅವರೆಕಾಯಿ ನೋಡುತ್ತಾ ಕೂತರು.

ಯಾಕೆ ಸುಮ್ಮನಿದ್ದರು ಅನ್ನುವುದೂ ನನಗೆ ಗೊತ್ತು. ಅದನ್ನೇ ಬರೆಯುವುದಕ್ಕೆ ಇಷ್ಟು ಹೊತ್ತು ಸುತ್ತಿದೆ.

ಹೋದ ಗುರುವಾರ ದೊಡ್ಡ ಕೋಟೆ. ಕಾಲಿಗೆ ಸೀರೆಯಂಚಿನ ಹಗ್ಗ, ಕೈಯಲ್ಲಿ ಕಂಟ್ರೋಲರ್. ನಡುವೆ ಅತ್ತೆ ಏನೋ ಅಂದರು, ನಾನು ‘ಹ್ಞೂಂ’ ಅಂದೆ. ಅವರು ಅಂದದ್ದು, ‘ಪಾಪು ಎದ್ದೈತೆ, ಮಹಡಿ ಮ್ಯಾಲೆ ಬಿಸ್ಲಿಗೆ ಕರ್ಕೊಂಡೋಯ್ತೀನಿ’ ಅಂತ. ಆಮೇಲೆ ಗೊತ್ತಾಯಿತು. ನಾನು ಮುಕ್ಕಾಲು ಗಂಟೆ ಖಾಲಿ ತೊಟ್ಟಿಲು ತೂಗಿದೆ, ಶಿವು. ಕೋಟೆ ಗೆದ್ದು ತಿರುಗಿ ನೋಡಿದರೆ ತೊಟ್ಟಿಲಲ್ಲಿ ಬರೀ ಬಟ್ಟೆ. ಎದ್ದು ಓಡಿದೆ. ಹಗ್ಗ ಬೆರಳಿನಲ್ಲೇ ಇತ್ತು. ನಾನು ಬೋರಲು ಬಿದ್ದೆ, ಹಿಂದೆಯೇ ತೊಟ್ಟಿಲು ಸ್ಟ್ಯಾಂಡಿನ ಸಮೇತ ಮಗುಚಿಕೊಂಡಿತು. ಸದ್ದಿಗೆ ಅತ್ತೆ ಮಹಡಿಯಿಂದ ಇಳಿದು ಬಂದರು. ಕಂಕುಳಲ್ಲಿ ಪುಟ್ಟಿ. ನೆಲದ ಮೇಲೆ ನಾನು, ಬಾಯಿ ತುಂಬ ರಕ್ತ. ಮಗುಚಿದ ತೊಟ್ಟಿಲನ್ನು ಅತ್ತೆ ಬಹಳ ಹೊತ್ತು ನೋಡಿದರು. ಆ ಮಗು ಅದರೊಳಗಿದ್ದಿದ್ದರೆ ಅಂತ ಇಬ್ಬರೂ ಯೋಚಿಸಿದೆವು. ವಿಭೂತಿ ತಂದು ಮಗುವಿನ ಹಣೆಗೆ ಹಚ್ಚಿದರು. ನನಗೆ ಹಚ್ಚಲಿಲ್ಲ. ಹಗ್ಗ ಬಿಚ್ಚಿ ಸುತ್ತಿ ತಮ್ಮ ಟ್ರಂಕಿನಲ್ಲಿಟ್ಟರು.

ಅಂದಿನಿಂದ ನಾನು ಆ ಆಟ ಮುಟ್ಟಿಲ್ಲ. ಅತ್ತೆ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾರೆ. ಆಟ ಬಿಟ್ಟರೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಇದ್ದದ್ದೂ ಹೋಯಿತು. ಪುಟ್ಟಿ ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ, ಉಸಿರು ತಾಗುತ್ತದೆ, ಬೆರಳು ತೆಗೆದ ಕೂಡಲೇ ಮತ್ತೆ ಅನುಮಾನ. ನಿನ್ನೆ ಹಾಲಿಗೆ ಸಕ್ಕರೆ ಬದಲು ಉಪ್ಪು ಹಾಕಿದೆ. ಗಿರಿಜಾಂಬಾ ಆಂಟಿ ಕಾಂಪೌಂಡಿನ ಆಚೆಯಿಂದ ‘ಎಷ್ಟು ಇಳಿದುಹೋಗಿದ್ದೀಯಮ್ಮ ಲಾಸ್ಯ, ಡಾಕ್ಟರಿಗೆ ತೋರಿಸು’ ಅಂದರೆ ಅವರ ಮೇಲೆ ಕೋಪ ಬಂತು. ಆದರೆ ಅವರು ಹೇಳಿದ್ದು ಸರಿ. ನನಗೆ ಡಾಕ್ಟರ್ ಹತ್ತಿರ ಹೋಗಬೇಕು. ಒಬ್ಬಳೇ ಹೋಗಲಾರೆ. ಅಲ್ಲಿ ಕೂತು ಇದನ್ನೆಲ್ಲ ಹೇಳುವಾಗ ನೀನು ಪಕ್ಕದಲ್ಲಿರಬೇಕು.

ರಜೆ ಕೇಳಿದ್ದು ಅದಕ್ಕೆ. ಹಬ್ಬಕ್ಕಲ್ಲ, ತಿರುಗಾಟಕ್ಕಲ್ಲ. ರಾಯಚೂರಿನ ಸಬ್‌ಸ್ಟೇಷನ್ ಹತ್ತು ದಿನ ನೀನಿಲ್ಲದಿದ್ದರೂ ಬೀಳದೆ ನಿಂತಿರುತ್ತದೆ. ನಾನು ಹಾಗೆ ನಿಂತಿರುತ್ತೇನೆ ಅಂತ ನನಗೆ ನಂಬಿಕೆಯಿಲ್ಲ.

ಬಾ.

ನಿನ್ನ
ಲಾಸ್ಯ

ಮರುದಿನ ಸೇರಿಸಿದ್ದು: ಅಂಚೆಗೆ ಹಾಕುವ ಮೊದಲು ಇದನ್ನು ಬರೆಯಲೇಬೇಕು. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಮಗುವಿನ ಬಟ್ಟೆ ಮಡಿಸುತ್ತಾ ಕೂತಿದ್ದೆ, ಅಷ್ಟೇ ನೆನಪು. ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆ ದಾಟಿತ್ತು. ಮೇಲೆ ಹೊದಿಕೆ ಇತ್ತು. ಮುಖ ಒರೆಸಿಕೊಂಡೆ, ಬೆರಳಿಗೆ ವಿಭೂತಿ ಹತ್ತಿತು. ನಡುಮನೆಯಿಂದ ಕುದುರೆಯ ಗೊರಸಿನ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಹೆಬ್ಬೆರಳಿಗೆ ಅದೇ ಸೀರೆಯಂಚು, ತೊಟ್ಟಿಲಲ್ಲಿ ಪುಟ್ಟಿ ನಿದ್ದೆ. ಕಂಟ್ರೋಲರನ್ನು ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿದಿದ್ದಾರೆ. ಟಿವಿಯಲ್ಲಿ ಕಂದು ಕುದುರೆ ಮೊಣಕಾಲುದ್ದ ಹೊಳೆಯಲ್ಲಿ ನಿಂತಿದೆ. ನನ್ನನ್ನು ತಿರುಗಿ ನೋಡದೆಯೇ ಅಂದರು: ‘ಆರು ದಿನದಿಂದ ನಿಂತಲ್ಲೇ ನಿಂತಿತ್ತು ಕಣಮ್ಮ. ಹೊಡೆಯೋ ಗುಂಡಿ ಯಾವ್ದು ನಂಗೊತ್ತಿಲ್ಲ, ಬೇಕಾಗೂ ಇಲ್ಲ.’ ಗಡಿಯಾರ ನೋಡಿದೆ. ಮೂರು ಗಂಟೆ ಹೊತ್ತು ಮಲಗಿದ್ದೆ. ನಿನ್ನ ಮೊಬೈಲಿನಲ್ಲಿ ಈಗ ಅರವತ್ನಾಲ್ಕು ತೋರಿಸುತ್ತಿರಬೇಕು. ಅತ್ತೆಗೆ ಹೇಳಿದೆ, ನಿಮ್ಮ ಮಗ ಮತ್ತೆ ಕೇಳ್ತಾರೆ ಅಂತ. ‘ಬರ್ದಾಕು, ಆ ಮೂರು ಗಂಟೆ ಅವ್ವಂದು ಅಂತ’ ಅಂದರು. ‘ಕೇಳೋದಿದ್ರೆ ಬಂದು ನನ್ನ ಎದುರು ಕೂತು ಕೇಳ್ಲಿ.’