ಹಂಚಿಗಿಂತ ಎರಡು ಮೊಳ ಮೇಲೆ

ಹಲಸೂರು, ಬೆಂಗಳೂರು
11 ಜುಲೈ 2001, ಬುಧವಾರ

ಪ್ರೀತಿಯ ಅಣ್ಣಾ,

‘ದೂರದ ದೀಪ ನಿನ್ನದಲ್ಲ ಮಗಳೇ, ಒಲೆಯ ಕಿಡಿಯೇ ಸಾಕು’ ಎಂದೋ, ‘ಕಿಡಿಯೇ ಬೆಳಕು’ ಎಂದೋ ಒಂದು ಸಾಲು. ನಾವು ಚಿಕ್ಕವರಿದ್ದಾಗ ಗುಲ್ಬರ್ಗದ ಮನೆಯಲ್ಲಿ ಸೋದರತ್ತೆ ಹಾಡುತ್ತಿದ್ದಳಲ್ಲ, ನಿನಗೆ ನೆನಪಿದೆಯೇ? ನಿನ್ನ ಪತ್ರ ಓದಿದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಸಾಲು ಬರುತ್ತಿಲ್ಲ. ಬರದಿದ್ದರೂ ಚಿಂತೆಯಿಲ್ಲ, ನನಗೆ ಈ ಸಾಲಿನ ಮೇಲೇ ತಕರಾರಿದೆ. ದೂರದ್ದು ನನ್ನದಲ್ಲ ಎಂದು ಈ ಹಾಡು ಕಟ್ಟಿದವರು ಯಾರನ್ನು ಕೇಳಿ ತೀರ್ಮಾನಿಸಿದರು? ಕ್ಷೇಮ ಕೇಳುವ ಮೊದಲೇ ಹಾಡಿನ ಮೇಲೆ ಜಗಳ ತೆಗೆದಳು ಎಂದು ನಗಬೇಡ. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದರೇ ವಾಸಿಯಾಗುತ್ತದೆ ಎಂದು ಇನ್ನೂ ವಾದಿಸುತ್ತಿದ್ದೀಯೋ? ಅತ್ತಿಗೆಯ ಬಿ.ಪಿ. ಹತೋಟಿಗೆ ಬಂತೇ? ನಾನು ಚೆನ್ನಾಗಿದ್ದೇನೆ. ನಲವತ್ತೆಂಟನೇ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿರಬಹುದೆಂದು ನಾನೇ ಎಣಿಸಿರಲಿಲ್ಲ.

ಇನ್ನು ನಿನ್ನ ಪತ್ರದ ವಿಷಯ. ನಿಮ್ಮ ತಂಗಿ ಶಾಂಭವಿ ಪ್ರತಿ ಭಾನುವಾರ ಬಂದೂಕು ಹಿಡಿದು ಆಟೋ ಹತ್ತುತ್ತಾಳೆ ಎಂದು ಯಾರೋ ನಿನಗೆ ಫೋನ್ ಮಾಡಿದರಂತೆ. ಇಪ್ಪತ್ತೆರಡನೇ ತಾರೀಕು ನೀನು ಬಂದು ಅಪ್ಪನ ಏರ್‌ಗನ್ ಒಯ್ಯುತ್ತೀಯಂತೆ. ನಿನ್ನ ಅಳಿಯ ಶರಣಬಸವ ಅದನ್ನು ಹೊಸ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕುತ್ತಾನಂತೆ. ‘ಹೆಣ್ಣಮಕ್ಕಳಿಗ್ಯಾಕ ಬೇಕವ್ವ ಬಂದೂಕ?’ ಎಂದು ಕೇಳಿದ್ದೀಯ. ಗೋಡೆಗೆ ಯಾಕೆ ಬೇಕು ಎಂದು ನಾನು ಕೇಳುತ್ತೇನೆ. ಅಪ್ಪನ ಸಾಮಾನು ಪಾಲು ಮಾಡಿಕೊಂಡ ದಿನ ನೀನು ಗಡಿಯಾರ, ರೇಡಿಯೋ, ಆರಾಮಕುರ್ಚಿ ಆರಿಸಿಕೊಂಡೆ. ಸ್ಪ್ರಿಂಗ್ ಮುರಿದಿದ್ದ ಈ ಕೋವಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿ, ‘ಈ ಕಬ್ಬಿಣ ನೀನೇ ಒಯ್ಯಿ, ಪರದೆ ಕಟ್ಟಲಿಕ್ಕರೆ ಬರ್ತದ’ ಎಂದೆ. ಕಳೆದ ವರ್ಷ ನಾನದಕ್ಕೆ ಶಿವಾಜಿನಗರದಲ್ಲಿ ಹೊಸ ಸ್ಪ್ರಿಂಗ್ ಹಾಕಿಸಿದೆ. ಈಗ ಅದು ಕಬ್ಬಿಣವಲ್ಲ ಎಂದು ನಿನಗೂ ಹೊಳೆದಿದೆ. ತೊಗರಿಕಾಳಿನಷ್ಟು ಸೀಸವನ್ನು ಗಾಳಿಯ ಬಲದಿಂದ ಹಾರಿಸುವ ಈ ಕೋವಿಗೆ ಲೈಸೆನ್ಸ್ ಬೇಕಿಲ್ಲ ಎಂಬುದನ್ನು ವಕೀಲನಾದ ನಿನಗೆ ನಾನು ಹೇಳಿಕೊಡಬೇಕೇ?

ನಾವು ಬೀದಿಯಲ್ಲಿ ಹೊಡೆಯುವುದಿಲ್ಲ, ಹಕ್ಕಿಗೂ ಹೊಡೆಯುವುದಿಲ್ಲ. ನಾವು ಎಂದರೆ ನಾನು ಮತ್ತು ಶಂಶುನ್ನೀಸಾ. ನಾನು ಪದ್ಯ ಪಾಠ ಮಾಡುವ ಕಾಲೇಜಿನಲ್ಲೇ ಗಣಿತ ಪಾಠ ಮಾಡುವವಳು, ಫ್ರೇಜರ್ ಟೌನಿನವಳು, ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು. ಕೃಷ್ಣರಾಜಪುರದ ಆಚೆ ಬೈಲಪ್ಪ ಎನ್ನುವವರ ನಿಂತುಹೋದ ಕಲ್ಲುಗಣಿ ಇದೆ. ಅವರನ್ನು ಕೇಳಿಯೇ ಹೋಗುತ್ತೇವೆ. ಮೂರು ಕಡೆಯೂ ಕಲ್ಲಿನ ಗೋಡೆ, ಗುಂಡು ಎಲ್ಲಿಗೂ ತಪ್ಪಿಸಿಕೊಂಡು ಹೋಗುವಂತಿಲ್ಲ. ಅಮ್ಮನ ಒಡಕು ಕಬ್ಬಿಣದ ರೊಟ್ಟಿಹಂಚಿಗೆ ಸುಣ್ಣ ಬಳಿದು ತಂತಿಯಲ್ಲಿ ತೂಗುಹಾಕಿದ್ದೇವೆ. ಗುಂಡು ತಾಗಿದರೆ ಸುಣ್ಣ ಸಿಡಿದು ಕರಿಯ ಚುಕ್ಕೆ ಕಾಣುತ್ತದೆ. ಮೊದಲು ಇಪ್ಪತ್ತು ಹೆಜ್ಜೆಯಿಂದ ಹೊಡೆದೆ. ಬಿಗಿಯಾಗಿ ಹಿಡಿದಷ್ಟೂ ಗುಂಡು ದಿಕ್ಕಾಪಾಲು. ಶಂಶು ಬೈದಳು: ‘ಅರೆ, ಕೋಳಿ ಕುತ್ತಿಗೆ ಹಿಡ್ದಂಗೆ ಹಿಡೀಬೇಡಿ ಮೇಡಂ! ಪದ್ಯದ ಪುಸ್ತಕ ಹೆಂಗೆ ಹಿಡ್ಕೋತೀರ, ಹಂಗೆ ಅಂಗೈ ಮೇಲೆ ಸುಮ್ನೆ ಇಟ್ಕೊಳ್ಳಿ. ಅದು ಒದೆಯೋದಾದ್ರೆ ಒದೀಲಿ.’ ಒದೆಯಲು ಬಿಟ್ಟೆ. ಹಂಚು ಸದ್ದು ಮಾಡಿತು. ಹಾಗೆ ಹೆಜ್ಜೆ ಹೆಜ್ಜೆ ಹಿಂದಕ್ಕೆ ಸರಿಯುತ್ತ ನೂರು ಹೆಜ್ಜೆಗೆ ಬಂದು ನಿಂತೆವು.

ನೂರು ಹೆಜ್ಜೆಯಲ್ಲಿ ಅದು ಬೇರೆಯೇ ಲೋಕ ಅಣ್ಣಾ. ಅಷ್ಟು ದೂರಕ್ಕೆ ಗುಂಡು ನೇರ ಹೋಗುವುದಿಲ್ಲ, ಬಾಗಿ ಇಳಿಯುತ್ತದೆ. ಹಂಚನ್ನು ಹೊಡೆಯಬೇಕೆಂದರೆ ಹಂಚನ್ನು ನೋಡಬಾರದು. ಎರಡು ಮೊಳ ಮೇಲೆ, ಬಂಡೆಯಲ್ಲಿರುವ ಒಂದು ಬಿರುಕಿಗೆ ಗುರಿಯಿಡಬೇಕು. ಅದನ್ನು ಕಲಿತೆ. ಆದರೂ ಗುಂಡೆಲ್ಲ ಎಡಕ್ಕೇ ಹೋಗುತ್ತಿತ್ತು. ಗಾಳಿ ಎನ್ನೋಣವೆಂದರೆ ಗಾಳಿಯೇ ಇಲ್ಲ. ಗಾಳಿಯ ಗುರುತಿಗೆಂದು ಹಂಚಿನ ಪಕ್ಕದ ಲಂಟಾನ ಪೊದೆಗೆ ನನ್ನ ಹಳೆಯ ಕಾಟನ್ ಸೀರೆಯ ತುಂಡು ಕಟ್ಟಿದ್ದೆ. ಅದು ಅಲುಗಾಡುತ್ತಲೇ ಇರಲಿಲ್ಲ. ವಾರಗಟ್ಟಲೆ ಕೋವಿಯನ್ನು ಶಪಿಸಿದೆ, ನಳಿಗೆಯೇ ಸೊಟ್ಟಗಿದೆ ಎಂದೆ. ಆಗ ನೀನು ಕೇಳಿದ್ದರೆ ಬಸ್ಸಿಗೆ ಹಾಕಿ ಕಳಿಸಿಬಿಡುತ್ತಿದ್ದೆ. ಕೊನೆಗೊಂದು ದಿನ ಶಂಶು ಹೋಗಿ ಆ ತುಂಡನ್ನು ಮುಟ್ಟಿ ನೋಡಿ ಅಲ್ಲೇ ಕುಸಿದು ಕುಳಿತು ನಗತೊಡಗಿದಳು. ‘ಗಂಜಿ ಹಾಕಿದ್ದೀರಲ್ರೀ ಇದಕ್ಕೆ! ಬಿರುಗಾಳಿ ಬಂದ್ರೂ ಪ್ರಿನ್ಸಿಪಾಲ್ ಥರ ನಿಂತೇ ಇರತ್ತೆ ಇದು.’ ಇಪ್ಪತ್ತೈದು ವರ್ಷ ಸೀರೆಗೆ ಗಂಜಿ ಹಾಕಿದವಳು ನಾನು, ಗಾಳಿಗೆ ಬಾಗದಂತೆ ಬಟ್ಟೆಯನ್ನು ಪಳಗಿಸಿ ಅದರ ಬಳಿಯೇ ಗಾಳಿಯ ಸುದ್ದಿ ಕೇಳುತ್ತಿದ್ದೆ. ಅವಳು ತನ್ನ ದುಪಟ್ಟಾದ ಅಂಚು ಹರಿದು ಕಟ್ಟಿದಳು. ಕಟ್ಟಿದ ಕ್ಷಣವೇ ಅದು ಎಡಕ್ಕೆ ಹಾರಿತು. ನಾನು ಆ ಬಿರುಕಿನಿಂದ ಒಂದು ಗೇಣು ಬಲಕ್ಕೆ, ಬರಿಯ ಬಂಡೆಗೆ ಗುರಿಯಿಟ್ಟೆ. ಹೊಡೆದು ಮುಗಿಯಿತು, ಏನೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ದೂರದಿಂದ ‘ಟಣ್’ ಎಂದಿತು. ನೂರು ಹೆಜ್ಜೆ ಆಚೆ ನನ್ನಿಂದ ಏನೋ ಆಯಿತು, ಅದರ ಸುದ್ದಿ ನಡೆದು ನನ್ನ ಬಳಿಗೆ ಬಂತು. ಎಂ.ಎ. ಪದವಿ ಕೈಗೆ ಬಂದಾಗಲೂ ನಾನು ಹಾಗೆ ಕೂಗಿರಲಿಲ್ಲ.

ಆದ್ದರಿಂದ ಕೊಡುವುದಿಲ್ಲ. ನನ್ನ ಮದುವೆಯ ಮಾತು ಮುರಿದಾಗ ನೀನು ಹೇಳಿದಂತೆ ಕೇಳಿದೆ, ಬೆಂಗಳೂರಿನಲ್ಲಿ ಯಾವ ಕೇರಿಯಲ್ಲಿ ಮನೆ ಹಿಡಿಯಬೇಕೆಂದೂ ನೀನು ಹೇಳಿದಂತೆ ಕೇಳಿದೆ. ಇದೊಂದನ್ನು ಕೇಳುವುದಿಲ್ಲ. ಕೋಪ ಮಾಡಿಕೋ, ಪರವಾಗಿಲ್ಲ, ನಿನ್ನ ಕೋಪ ಊಟದ ಹೊತ್ತಿಗೆ ಇಳಿಯುತ್ತದೆಂದು ನನಗೆ ಗೊತ್ತು. ಅತ್ತಿಗೆಗೆ ನನ್ನ ನಮಸ್ಕಾರ, ಉಪ್ಪು ಕಡಿಮೆ ಮಾಡಲು ಹೇಳು. ನಿನ್ನ ಮಗಳು ರೇವತಿಗೂ ಅವಳ ಗಂಡ ಶರಣಬಸವನಿಗೂ ನೂರ್ಕಾಲ ಚೆನ್ನಾಗಿರಿ ಎಂದು ಹರಸಿದ್ದೇನೆ. ಅವರ ಗೋಡೆಗೆ ಒಳ್ಳೆಯದೊಂದು ಚಿತ್ರಪಟ ಕಳಿಸುತ್ತೇನೆ.

ನಿನ್ನ ಮಾತು ಮೀರಿದ ತಂಗಿ,
ಶಾಂಭವಿ

ಮರೆತಿದ್ದೆ: ಇಪ್ಪತ್ತೆರಡಕ್ಕೆ ಬರುವುದನ್ನು ಮಾತ್ರ ತಪ್ಪಿಸಬೇಡ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬರಬೇಡ, ಬೀಗ ಹಾಕಿರುತ್ತದೆ. ನೇರ ಕೆ.ಆರ್. ಪುರಂ ಬಸ್ಸು ಹತ್ತಿ ಬೈಲಪ್ಪನವರ ಗಣಿ ಎಲ್ಲಿ ಎಂದು ಕೇಳು. ನೂರು ಹೆಜ್ಜೆಯಿಂದ ಹತ್ತು ಗುಂಡು ನಿನಗೆ, ಹತ್ತು ನನಗೆ. ಹಂಚಿಗೆ ಹೆಚ್ಚು ಸಲ ಬಡಿದವರು ಕೋವಿ ಒಯ್ಯುವುದು, ಮತ್ತೆ ಮಾತಿಲ್ಲ. ಕನ್ನಡಕ ಮರೆಯಬೇಡ. ಇಷ್ಟು ಬರೆಯುವಾಗ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಂದರು. ನಿನಗೆ ಫೋನ್ ಮಾಡಿದ್ದು ಅವರೇ ಅಂತೆ, ಕೋವಿ ನೋಡಿ ಹೆದರಿದ್ದರಂತೆ. ನಮ್ಮ ಪಂದ್ಯದ ವಿಷಯ ಹೇಳಿದೆ. ಚಪ್ಪಲಿ ಮೆಟ್ಟಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು: ‘ಅವತ್ತು ನಿಮ್ಮಣ್ಣನ ಊಟ ನಮ್ಮನೇಲೇ ಇರ್ಲಿ ಕಣಮ್ಮ. ಪಾಪ, ಬರೀ ಕೈಯಲ್ಲಿ ವಾಪಸ್ ಹೋಗ್ತಾರೆ, ಹೊಟ್ಟೆನಾದ್ರೂ ತುಂಬಿರ್ಲಿ.’